ಏಳು ದಿನದ ಮರಿಗುರು

"ಇವನ ತಲೆ ಬೋಳಿಸ್ತೀರಾ ಗುರುಗಳೇ? ಬೇಡಿ. ಕತ್ತಿಗೂ ಪಾಪ ತಟ್ಟುತ್ತೆ. ಆಮೇಲೆ ಅದನ್ನ ತೊಳೆಯೋಕೆ ಮೆಕಾಂಗ್ ನದಿಗೇ ತಗೊಂಡ್ ಹೋಗ್ಬೇಕು. ಅಯೋವಾದ ನಲ್ಲಿ ನೀರು ಸಾಲಲ್ಲ."

ಹೀಗಂದವನು ಥಾವೋನ್ ಮಾವ. ಅಂದದ್ದು ನನ್ನನ್ನು. ಭಾನುವಾರದ ಊಟಕ್ಕೆ ಚಾಪೆ ಹಾಸಿ ಕೂತಿದ್ದ ಲಾವೋಸಿನಿಂದ ಬಂದು ನೆಲೆಸಿದ ಎಂಬತ್ತು ಜನ ಲಾವೋ ಮಂದಿಯ ಎದುರಿಗೆ, ಬಾಯಲ್ಲಿದ್ದ ಅನ್ನವನ್ನು ಪೂರ್ತಿ ನುಂಗದೆಯೇ ಅಂದ. ಎಂಬತ್ತು ಜನವೂ ನಕ್ಕರು. ಹಲ್ಲಿಲ್ಲದವರೂ ನಕ್ಕರು. ಕಿವಿ ಕೇಳಿಸದ ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿ ತಿಳಿದುಕೊಂಡು, ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬಳೇ ನಕ್ಕಳು.

ಥಾವೋನ್ ಮಾವ ನಮ್ಮ ವಿಹಾರದ ಸಮಿತಿಯ ಅಧ್ಯಕ್ಷ. ಮೂವತ್ತು ವರ್ಷ ಊರಿನ ಹಂದಿ ಕಾರ್ಖಾನೆಯಲ್ಲಿ ಸಾಲು ನೋಡಿಕೊಳ್ಳುವ ಮೇಸ್ತ್ರಿಯಾಗಿದ್ದ. ರಿಟೈರ್ ಆದ ಮೇಲೆ ಹಂದಿಗಳ ಜಾಗದಲ್ಲಿ ನಮ್ಮನ್ನು ಇಟ್ಟುಕೊಂಡಿದ್ದಾನೆ. ಯಾರು ಎಲ್ಲಿ ಕೂರಬೇಕು, ಯಾರ ಚಪ್ಪಲಿ ಯಾವ ಗೂಡಿನಲ್ಲಿರಬೇಕು, ಊಟದ ಜಾಗಟೆ ಎಷ್ಟು ಗಂಟೆಗೆ ಬಡಿಯಬೇಕು, ಎಲ್ಲ ಅವನದೇ. ಗೂಡು ಅಂದೆನಲ್ಲ, ಅದು ಮೊದಲು ಚಕ್ರದ ಬೂಟು ಇಡುವ ಗೂಡು. ನಮ್ಮ ವಿಹಾರ ಹಿಂದೆ ಸ್ಕೇಟಿಂಗ್ ಹಾಲ್ ಆಗಿತ್ತು. ಮರದ ನೆಲ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಹಾಡು ಹಾಕುವವನು ನಿಲ್ಲುತ್ತಿದ್ದ ಕಟ್ಟೆಯ ಮೇಲೆ ಬುದ್ಧ ಕೂತಿದ್ದಾನೆ. ಅವನ ನೆತ್ತಿಯ ಮೇಲೆ ಸಾವಿರ ಕನ್ನಡಿ ಚೂರಿನ ಗುಂಡೊಂದು ಇವತ್ತಿಗೂ ತೂಗುತ್ತಿದೆ. ಅದನ್ನು ಇಳಿಸಲು ಹೋದಾಗ ನನ್ನ ಅಜ್ಜಿ ಚಾನ್‌ಸುಕ್ ಅಡ್ಡ ನಿಂತು, "ದೇವಲೋಕದಲ್ಲಿ ದೀಪ ಹಿಂಗೇ ಇರುತ್ತೆ, ನೀನ್ ನೋಡಿದೀಯಾ?" ಎಂದು ಥಾವೋನ್ ಮಾವನನ್ನೇ ಗದರಿಸಿದ್ದಳು. ಅವನು ನೋಡಿರಲಿಲ್ಲ. ಗುಂಡು ಉಳಿಯಿತು.

ಆ ಅಜ್ಜಿಯಿಂದಲೇ ಇಷ್ಟೆಲ್ಲ ಆದದ್ದು. ಅವಳ ಹೃದಯದ ಒಂದು ಕವಾಟ ಸವೆದುಹೋಗಿದೆ. ಎದೆ ತೆರೆದು ಹೊಸದು ಹಾಕಬೇಕು, ತಡಮಾಡಿದರೆ ಬೇಸಿಗೆ ಕಾಣುವುದಿಲ್ಲ ಎಂದು ಡಿ ಮೊಯಿನ್‌ನ ಡಾಕ್ಟರು ಹೇಳಿದ್ದರು. ಮಾರ್ಚ್ ತಿಂಗಳ ಒಂದು ಗುರುವಾರ ಆಪರೇಷನ್, ಹಿಂದಿನ ದಿನ ಬುಧವಾರವೇ ಬಂದು ಸೇರಬೇಕು. ಆ ತಾರೀಖು ತಪ್ಪಿದರೆ ಮುಂದಿನದು ಜೂನ್. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು. ಆದ್ರೆ ಎದೆ ಸೀಳಿಸ್ಕೊಳ್ಳೋ ಮುಂಚೆ ನನಗೆ ಹಿಡ್ಕೊಳ್ಳೋಕೆ ಒಂದು ಕಾವಿ ಅಂಚು ಬೇಕು" ಅಂದಳು. ಮೊಮ್ಮಗನೊಬ್ಬ ಕಾವಿ ಉಟ್ಟರೆ, ಸತ್ತಾಗ ಅದರ ಅಂಚು ಹಿಡಿದು ಮೇಲೆ ಹೋಗಬಹುದು ಎಂದು ನಮ್ಮ ಮುದುಕಿಯರು ನಂಬುತ್ತಾರೆ. ಅವಳಿಗಿರುವ ಮೊಮ್ಮಗ ನಾನೊಬ್ಬನೇ. ಹೆಸರು ಖಾಮ್ಲಾ, ಕರೆಯುವುದು ಲಾ. ವಯಸ್ಸು ಇಪ್ಪತ್ತೆರಡು. ಕೆಲಸ ಅದೇ ಕಾರ್ಖಾನೆಯಲ್ಲಿ ಹಂದಿಯ ತೊಡೆಯಿಂದ ಮೂಳೆ ಬಿಡಿಸುವುದು.

"ಏಳು ದಿನ. ಒಂದೂ ಕಮ್ಮಿ ಆಗ್ಬಾರ್ದು, ಒಂದು ನಿಯಮಾನೂ ಮುರೀಬಾರ್ದು" ಎಂದಿದ್ದಳು ಅಜ್ಜಿ. "ಮುರಿದ್ರೆ ನಾನು ಆಸ್ಪತ್ರೆ ಮೆಟ್ಲು ಹತ್ತಲ್ಲ."

ಅದನ್ನೇ ಆ ಭಾನುವಾರ ವಿಹಾರದ ಹಿರಿಯ ಭಿಕ್ಷು ಸೋಮ್ಚಿತ್ ಗುರುಗಳು ಊಟದ ನಡುವೆ ಎಲ್ಲರಿಗೂ ತಿಳಿಸಿದರು. ಪೂರ್ತಿ ಭಿಕ್ಷುವಾಗಲು ಐವರು ಭಿಕ್ಷುಗಳು ಕೂರಬೇಕು, ನಮ್ಮ ಊರು ಎಲ್ಡರ್‌ಫೋರ್ಕಿನಲ್ಲಿ ಇರುವವರು ಇಬ್ಬರು. ಹಾಗಾಗಿ ಲಾ ಏಳು ದಿನ ಮರಿಭಿಕ್ಷು ಆಗುತ್ತಾನೆ ಎಂದರು. ಅದಕ್ಕೇ ಥಾವೋನ್ ಮಾವ ಕತ್ತಿಯ ಮಾತು ಎತ್ತಿದ್ದು.

ನಾನು ಎದ್ದು ನಿಂತೆ. ಕೈಯಲ್ಲಿ ಅಂಟಕ್ಕಿ ಅನ್ನದ ಬುಟ್ಟಿ ಇತ್ತು. ಅದನ್ನು ಎಸೆಯಬೇಕೆಂದು ಎದ್ದವನಲ್ಲ, ಆದರೆ ನನ್ನನ್ನು ಬಲ್ಲವರು ಯಾರೂ ಹಾಗೆ ತಿಳಿಯಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಮೇಷ್ಟ್ರೊಬ್ಬರು ನನ್ನ ಹೆಸರನ್ನು ನಾಲ್ಕು ಸಲ ತಪ್ಪಾಗಿ ಕರೆದರು. ಐದನೇ ಸಲಕ್ಕೆ ನಾನು ಕುರ್ಚಿ ಎತ್ತಿದೆ. ಕುರ್ಚಿ ಕಿಟಕಿಯಿಂದ ಆಚೆ ಹೋಯಿತು, ನಾನು ಬಾಗಿಲಿನಿಂದ. ನನ್ನ ಓದು ಅಲ್ಲಿಗೆ ಮುಗಿಯಿತು.

"ಕೂತ್ಕೊಳೋ ಮುಂಡೇದೆ" ಅಂದಳು ಅಜ್ಜಿ. ಕೂತೆ.

"ನೋಡಿದ್ರಾ?" ಅಂದ ಥಾವೋನ್ ಮಾವ. "ಏಳು ದಿನ ಅಲ್ಲ, ಏಳು ನಿಮಿಷ ತಡ್ಕೊಂಡ್ರೆ ಹೇಳಿ."

ಅವನ ಹೊಟ್ಟೆಯುರಿ ನನಗೆ ಗೊತ್ತಿತ್ತು. ಅವನಿಗೆ ಮೂವರು ಮೊಮ್ಮಕ್ಕಳು, ಮೂವರೂ ಕಾಲೇಜು. ಮೂವರನ್ನೂ ಕೈಮುಗಿದು ಕೇಳಿದ್ದ. ಒಬ್ಬನಿಗೆ ಪರೀಕ್ಷೆ, ಒಬ್ಬನಿಗೆ ಫುಟ್‌ಬಾಲ್, ಮೂರನೆಯವನಿಗೆ ಕೂದಲಿನ ಮೇಲೆ ಪ್ರೀತಿ.

ಮರಿಭಿಕ್ಷುವಾಗಲು ಪಾಲಿಯಲ್ಲಿ ಬೇಡಿಕೆ ಹೇಳಬೇಕು. ಗುರುಗಳು ತಮ್ಮ ದನಿಯಲ್ಲೇ ಫೋನಿನಲ್ಲಿ ತುಂಬಿಕೊಟ್ಟರು. ಕಾರ್ಖಾನೆಯಲ್ಲಿ ಕಿವಿಗೆ ಸಿಕ್ಕಿಸಿಕೊಂಡೆ. ಒಂದು ತೊಡೆ ಬರುವುದು, ಒಂದು ಸಾಲು ಹೇಳುವುದು, ಮೂಳೆ ಎಳೆಯುವುದು. ಮೂರನೇ ದಿನಕ್ಕೆ ನನಗೆ ಪೂರ್ತಿ ಬಂತು. ಪಕ್ಕದಲ್ಲಿ ನಿಲ್ಲುವ ಗ್ವಾಟೆಮಾಲಾದ ರೊಸೆಂಡೊಗೂ ಅರ್ಧ ಬಂತು. "ಇದನ್ನ ಹೇಳಿದ್ರೆ ಬೆನ್ನುನೋವು ಹೋಗುತ್ತಾ?" ಎಂದು ಕೇಳಿದ. ಹೋಗುತ್ತೆ ಅಂದೆ. ಪಾಪ, ಇನ್ನೂ ಹೇಳುತ್ತಿದ್ದಾನೆ.

ಬುಧವಾರ ತಲೆ ಬೋಳಿಸಿದರು. ಹುಬ್ಬನ್ನೂ ತೆಗೆದರು. ಹುಬ್ಬು ಹೋದ ಮೇಲೆ ಮನುಷ್ಯನಿಗೆ ಸಿಟ್ಟು ಬಂದರೂ ಮುಖದಲ್ಲಿ ಕಾಣುವುದಿಲ್ಲ ಎಂದು ನನಗೆ ಆವತ್ತು ಗೊತ್ತಾಯಿತು. ಕನ್ನಡಿಯಲ್ಲಿ ಎಷ್ಟು ಗುರಾಯಿಸಿದರೂ ಆಗ ತಾನೇ ಒಡೆದ ಮೊಟ್ಟೆಯಿಂದ ಬಂದವನ ಹಾಗೆ ಬೆರಗಾಗಿ ಕಾಣುತ್ತಿದ್ದೆ. ಬೇಡಿಕೆಯನ್ನು ಒಂದೇ ಉಸಿರಿಗೆ ಹೇಳಿದೆ. ನಡುವೆ ಎರಡು ಸಲ ಥಾವೋನ್ ಮಾವ ಬೇಕೆಂದೇ ಕೆಮ್ಮಿದ, ನಾನು ತಪ್ಪಲಿಲ್ಲ. ಹತ್ತು ಶೀಲ ಕೊಟ್ಟರು. ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು, ಮಧ್ಯಾಹ್ನ ಕಳೆದ ಮೇಲೆ ಉಣ್ಣಬಾರದು, ಇನ್ನೂ ಆರು. ಮಾತಿಗೆ ಮಾತು ಕೊಡಬಾರದು ಎಂಬುದು ಹತ್ತರಲ್ಲಿ ಇರಲಿಲ್ಲ. ಅದನ್ನು ಅಜ್ಜಿ ಹನ್ನೊಂದನೆಯದಾಗಿ ಸೇರಿಸಿದಳು.

ಕಾವಿ ಉಟ್ಟವನನ್ನು ಹೆಂಗಸರು ಮುಟ್ಟುವಂತಿಲ್ಲ, ಏಕವಚನದಲ್ಲಿ ಕರೆಯುವಂತಿಲ್ಲ. ಅಜ್ಜಿ ಒಂದು ಮಾರು ದೂರ ನಿಂತು ಕೈಮುಗಿದು, "ಮರಿಗುರುಗಳೇ, ತಾವು ದಯಮಾಡಿ ಮೂಗು ಒರೆಸ್ಕೊಳ್ಳಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಎರಡು ವರ್ಷದವನಾಗಿದ್ದಾಗಿಂದ ಸಾಕಿದವಳು ಅವಳು. ಅವಳು ನನಗೆ ತಾವು ಅಂದದ್ದು ಕೇಳಿ ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಮೇಲೆ ಕನ್ನಡಿ ಗುಂಡು ನೋಡಿದೆ. ಸಾವಿರ ಬೋಳುತಲೆ ಕಂಡವು.

ಇಷ್ಟರ ಮೇಲೆ ಥಾವೋನ್ ಮಾವನಿಗೆ ಒಂದು ದೊಡ್ಡ ಕಷ್ಟ ಬಂತು. ಕಾವಿ ಉಟ್ಟವನು ಹತ್ತು ವರ್ಷದ ಹುಡುಗನಾದರೂ ದೊಡ್ಡವರು ಅವನಿಗೆ ಅಡ್ಡಬೀಳಬೇಕು. ಸಮಿತಿಯ ಅಧ್ಯಕ್ಷ ಎಲ್ಲರಿಗಿಂತ ಮೊದಲು ಬೀಳಬೇಕು. ದಿನಾ ಬೆಳಿಗ್ಗೆ, ಮೂರು ಸಲ. ಆಮೇಲೆ ಪಾತ್ರೆಗೆ ಅನ್ನ ಹಾಕಬೇಕು.

ಮೊದಲ ದಿನ ಮಂಡಿಯೂರಿ ಕೂತ. ಮಂಡಿ ಲಟಲಟ ಅಂದವು. ಹಣೆ ನೆಲಕ್ಕಿಟ್ಟು ನನಗೆ ಮಾತ್ರ ಕೇಳುವ ಹಾಗೆ "ಕತ್ತೆ" ಅಂದ. ಎದ್ದ. ಎರಡನೇ ಸಲ ಬಗ್ಗಿ "ಕಿಟಕಿ ಒಡೆದೋನೇ" ಅಂದ. ಮೂರನೆಯದಕ್ಕೆ "ನಿನ್ನ ತಲೆ ನೋಡಿದ್ರೆ ಕುಂಬಳಕಾಯಿಗೂ ನಾಚ್ಕೆ ಆಗುತ್ತೆ" ಅಂದ. ಆಮೇಲೆ ಭಕ್ತಿಯಿಂದ ಅನ್ನ ಹಾಕಿದ. ನಾನು ಕಟ್ಟೆಯ ಮೇಲೆ ಕೂತು, ಇವನಿಗೆ ದೀರ್ಘಾಯುಷ್ಯ, ಸುಖ, ಬಲ ಸಿಗಲಿ ಎಂದು ಪಾಲಿಯಲ್ಲಿ ಹರಸಬೇಕಾಯಿತು. ಅವನ ಬಲ ಹೆಚ್ಚಾದರೆ ನನಗೇ ಕಷ್ಟ ಎಂದು ಗೊತ್ತಿದ್ದೂ ಹರಸಿದೆ.

ಬಾಯಿ ಹರಸಿತು, ತಲೆ ಮಾತ್ರ ಉತ್ತರ ಕಟ್ಟಿತು. ಒಂದೊಂದು ಬೈಗುಳಕ್ಕೂ ಒಂದೊಂದು ಉತ್ತರ ಹೊಸೆದು, ಏಳು ದಿನ ಕಳೆದ ಮೇಲೆ ಎಲ್ಲವನ್ನೂ ಒಟ್ಟಿಗೆ ಅವನ ಮುಖಕ್ಕೆ ಒಗೆಯುವುದೆಂದು ಎತ್ತಿಟ್ಟುಕೊಂಡೆ. ಶನಿವಾರದ ಹೊತ್ತಿಗೆ ಹನ್ನೆರಡು ಸೇರಿದ್ದವು. ಏಳನೆಯದು ಬಹಳ ಚೆನ್ನಾಗಿತ್ತು. ಧ್ಯಾನಕ್ಕೆ ಕೂತಾಗ ಅದನ್ನೇ ತಿದ್ದಿ ತೀಡುತ್ತಿದ್ದೆ. "ಮರಿಗುರುಗಳ ಮುಖದಲ್ಲಿ ಎಂಥ ಶಾಂತಿ!" ಎಂದು ಮುದುಕಿಯರು ಪಿಸುಗುಟ್ಟಿದರು.

ಹಸಿವಿನದು ಬೇರೆ ಕತೆ. ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಬರೀ ಹಣ್ಣಿನ ರಸ. ಶುಕ್ರವಾರ ಸಂಜೆ ಐದಕ್ಕೆ ಥಾವೋನ್ ಮಾವ ಸಮಿತಿ ಸಭೆ ಕರೆದ. ಸಭೆ ಎಲ್ಲಿ? ನನ್ನ ಕೋಣೆಯ ಕಿಟಕಿಯ ಕೆಳಗೆ, ಹಿಮದಲ್ಲಿ, ಇದ್ದಿಲ ಒಲೆಯ ಸುತ್ತ. ಬೆಳ್ಳುಳ್ಳಿ, ನಿಂಬೆಹುಲ್ಲು ಹಾಕಿದ ಹಂದಿ ಸಾಸೇಜು ಚುರ್ ಚುರ್ ಎಂದು ಬೇಯುತ್ತಿತ್ತು. ಕಾರ್ಯಸೂಚಿಯಲ್ಲಿ ಬೇರೇನೂ ಇರಲಿಲ್ಲ. ನಾನು ಕಿಟಕಿ ಮುಚ್ಚಿದೆ. ವಾಸನೆ ಬಾಗಿಲಿನಿಂದ ಬಂತು. ಪಕ್ಕದ ಕೋಣೆಯಲ್ಲಿ ಸೋಮ್ಚಿತ್ ಗುರುಗಳು ನಿಟ್ಟುಸಿರು ಬಿಟ್ಟದ್ದು ಗೋಡೆಯಾಚೆಯಿಂದ ಕೇಳಿಸಿತು. ಅರವತ್ತೆಂಟು ವರ್ಷದ, ಗುಂಡಗಿನ, ಊಟವೆಂದರೆ ಪ್ರಾಣ ಬಿಡುವ ಸನ್ಯಾಸಿ ಅವರು. ಗೋಡೆ ತಟ್ಟಿ, "ಮರಿಗುರು, ಉಸಿರು ಗಮನಿಸು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೂಗಿಂದ ಬೇಡ, ಬಾಯಿಂದ ಉಸಿರಾಡು" ಅಂದರು.

ಭಾನುವಾರ ಹಿಮ ಬಿತ್ತು. ಬಂದವರು ಮೂವತ್ತು ಜನ ಮುದುಕ ಮುದುಕಿಯರು ಮಾತ್ರ. ಥಾವೋನ್ ಮಾವನೇ ವಿಹಾರದ ವ್ಯಾನಿನಲ್ಲಿ ಎರಡು ಸಲ ಹೋಗಿ ಎಲ್ಲರನ್ನೂ ತಂದ. ನಮ್ಮ ಹಾಲಿನ ಗೋಡೆಯ ಮೇಲೆ, ಎರಡಾಳೆತ್ತರದಲ್ಲಿ, ಸ್ಕೇಟಿಂಗ್ ಕಾಲದ ಒಂದು ದೊಡ್ಡ ಗಡಿಯಾರವಿದೆ. ಯಾವುದೋ ಸೋಡಾ ಕಂಪನಿಯ ಜಾಹೀರಾತು. ಅದನ್ನು ಮುಟ್ಟುವ ಹಕ್ಕು ಅಧ್ಯಕ್ಷನಿಗೆ ಮಾತ್ರ. ನನ್ನ ಫೋನು ಏಳು ದಿನಕ್ಕೆ ಮನೆಯಲ್ಲಿತ್ತು, ಉಳಿದವರೆಲ್ಲ ಹೊತ್ತು ನೋಡುವುದು ಇದರಲ್ಲೇ. ಅದು ಹನ್ನೊಂದೂಕಾಲು ತೋರಿಸಿದಾಗ ಥಾವೋನ್ ಮಾವ ಜಾಗಟೆ ಬಡಿದ. ಅಡ್ಡಬಿದ್ದ. ಮೂರು ಬೈಗುಳ ಬೈದ. ನಾವು ಉಣ್ಣಲು ಕೂತೆವು. ಕೊಚ್ಚಿದ ಮಾಂಸದ ಲಾಪ್, ಕುಟ್ಟಿದ ಪಪ್ಪಾಯಿಕಾಯಿ, ಬಿದಿರಿನ ಕಳಲೆ ಸಾರು. ನಾನು ಹಿಂದಿನ ಸಂಜೆಯದನ್ನೂ ಅವತ್ತಿನ ಸಂಜೆಯದನ್ನೂ ಸೇರಿಸಿ ಉಂಡೆ.

ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು ಆಗಿರಬೇಕು. ಪಕ್ಕದ ಹೊಲದ ವೆಂಡೆಲ್ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವಿದ. ಜೋಳ, ಸೋಯಾ ಬೆಳೆಯುವ ಬಿಳಿಯ ರೈತ. ಹಿಮ ಬಿದ್ದಾಗಲೆಲ್ಲ ಕೇಳದೆಯೇ ಬಂದು ತನ್ನ ಟ್ರ್ಯಾಕ್ಟರಿನಲ್ಲಿ ನಮ್ಮ ಅಂಗಳ ಗೋರಿಕೊಡುತ್ತಾನೆ. ತಟ್ಟೆಗಳನ್ನು ನೋಡಿ ಅವನ ಮುಖ ಅರಳಿತು.

"ಅಬ್ಬ, ಒಳ್ಳೇದಾಯ್ತು! ನೀವು ಮಧ್ಯಾಹ್ನದ ಮೇಲೆ ತಿನ್ನಬಾರ್ದು ಅನ್ನೋ ನಿಯಮ ಬಿಟ್ಬಿಟ್ರಾ? ನಂಗೆ ಯಾವಾಗ್ಲೂ ಪಾಪ ಅನಿಸ್ತಿತ್ತು."

"ಬಿಟ್ಟಿಲ್ಲಪ್ಪ. ಇನ್ನೂ ಕಾಲು ಗಂಟೆ ಇದೆ" ಅಂದರು ಗುರುಗಳು, ಲಾಪ್ ತುಂಬಿದ ಬಾಯಲ್ಲಿ.

"ಎಲ್ಲಿದೆ? ಹನ್ನೆರಡು ಮುಕ್ಕಾಲು ಆಯ್ತಲ್ಲ. ಇವತ್ತು ಗಡಿಯಾರ ಮುಂದಕ್ಕೆ ಇಡೋ ದಿನ!"

ಹಾಲಿನಲ್ಲಿ ಅಗಿಯುವ ಶಬ್ದ ನಿಂತಿತು. ಈ ದೇಶದಲ್ಲಿ ವರ್ಷಕ್ಕೊಂದು ಭಾನುವಾರ ಸರ್ಕಾರ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಳ್ಳುತ್ತದೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ಎಳೆಯುತ್ತದೆ. ಪ್ರತಿ ವರ್ಷ ಥಾವೋನ್ ಮಾವ ಹಿಂದಿನ ಸಂಜೆಯೇ ಏಣಿ ಹತ್ತಿ ಮುಳ್ಳು ತಿರುಗಿಸುತ್ತಿದ್ದ. ಈ ವರ್ಷ ಹತ್ತಿರಲಿಲ್ಲ. ಸಭೆ, ಸಾಸೇಜು, ಬೈಗುಳಗಳ ತಯಾರಿ, ಇಷ್ಟರಲ್ಲಿ ಮರೆತಿರಬೇಕು ಅಂದುಕೊಂಡೆ.

ಆದರೆ ಅವನಿಗೆ ಹೊಳೆದದ್ದು ಅದಲ್ಲ. ಜಿಗಿದು ಎದ್ದ. ಮಂಡಿನೋವೆಲ್ಲ ಎಲ್ಲಿ ಹೋಯಿತೋ!

"ಕೆಟ್ಟಿತು! ಮರಿಗುರುಗಳ ವ್ರತ ಕೆಟ್ಟಿತು! ಮಧ್ಯಾಹ್ನ ಕಳೆದ ಮೇಲೆ ಎರಡು ತಟ್ಟೆ ಲಾಪ್ ತಿಂದಿದಾರೆ, ನಾನೇ ಎಣಿಸಿದೀನಿ! ನಾನು ಅವತ್ತೇ ಹೇಳ್ಲಿಲ್ವಾ?"

"ಥಾವೋನ್" ಅಂದರು ಗುರುಗಳು ಮೆಲ್ಲಗೆ. "ನನ್ನ ಬಾಯಲ್ಲೂ ಇದೆಯಪ್ಪ."

"ಜಾಗಟೆ ಬಡಿದೋರು ಯಾರು?" ಎಂದು ಹಿಂದಿನಿಂದ ಕಿವಿ ಕೇಳಿಸದ ಮುದುಕಿ ಕೇಳಿದಳು. ಅವತ್ತು ಅವಳಿಗೆ ಎಲ್ಲ ಕೇಳಿಸಿತ್ತು.

ಥಾವೋನ್ ಮಾವ ತನ್ನ ಕೈ ನೋಡಿಕೊಂಡ. ಕೈಯಲ್ಲಿ ಜಾಗಟೆಯ ಕೋಲು ಇನ್ನೂ ಇತ್ತು. ಅದನ್ನು ನಿಧಾನವಾಗಿ ಬೆನ್ನ ಹಿಂದೆ ಮರೆಮಾಡಿದ.

ನಾನು ನಗಬೇಕಿತ್ತು. ಅಷ್ಟರಲ್ಲಿ ಅಜ್ಜಿಯ ಕಡೆ ನೋಡಿದೆ. ಅವಳು ಅನ್ನದ ಬುಟ್ಟಿಯ ಮುಚ್ಚಳ ಹಾಕಿ, ದಾರ ಬಿಗಿದು ಕಟ್ಟುತ್ತಿದ್ದಳು.

"ಆಸ್ಪತ್ರೆಗೆ ಫೋನ್ ಮಾಡಿ. ಬರಲ್ಲ ಅಂತ ಹೇಳಿ."

"ಅಜ್ಜೀ, ನಮಗೆ ಗೊತ್ತಿರ್ಲಿಲ್ಲ. ಇನ್ನೊಂದ್ಸಲ ಏಳು ದಿನ ಇರ್ತೀನಿ. ಹದಿನಾಲ್ಕು ದಿನ ಇರ್ತೀನಿ."

"ಅಷ್ಟರಲ್ಲಿ ತಾರೀಖು ಕಳೆದಿರುತ್ತೆ, ಮರಿಗುರುಗಳೇ. ಹೋಗ್ಲಿ ಬಿಡಿ. ಹರಿದ ಅಂಚು ಹಿಡ್ಕೊಂಡು ನಾನು ಹೆಂಗೆ ಮೇಲೆ ಹೋಗ್ಲಿ? ಅರ್ಧದಾರೀಲಿ ಬಿದ್ರೆ?" ಅವಳು ಹಾಸ್ಯಕ್ಕೆ ಹೇಳಿದ್ದಲ್ಲ. ಅವಳ ತುಟಿ ನೀಲಿಯಾಗಿದ್ದವು. ಎರಡು ವಾರದಿಂದ ಹಾಗೇ ಇದ್ದವು.

ನನ್ನ ಸಿಟ್ಟೆಲ್ಲ ಕಾಲಿನಿಂದ ಇಳಿದುಹೋಯಿತು. ಅದರ ಜಾಗಕ್ಕೆ ಹೆದರಿಕೆ ಬಂತು. ಸಿಟ್ಟಾದರೆ ಏನು ಮಾಡಬೇಕೆಂದು ನನಗೆ ಗೊತ್ತು, ಹೆದರಿಕೆಯಾದರೆ ಗೊತ್ತಿಲ್ಲ. ಅದಕ್ಕೇ ತಲೆ ಕೆಲಸ ಮಾಡಿತೇನೋ. ಕಾರ್ಖಾನೆಯ ಬಾವುಟದ ಕಂಬ ನೆನಪಾಯಿತು.

ಚಳಿಗಾಲದಲ್ಲಿ ನಾವು ಹನ್ನೆರಡಕ್ಕೆ ಸಿಗರೇಟು ಸೇದಲು ಹೊರಗೆ ಬರುತ್ತೇವೆ, ಆ ಕಂಬದ ಬುಡದಲ್ಲಿ ನಿಲ್ಲುತ್ತೇವೆ. ಬಿಡುವು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಕಂಬದ ನೆರಳು ನಮ್ಮ ಕಡೆ ಕುಗ್ಗುತ್ತಾ ಬರುತ್ತದೆ. ಹನ್ನೆರಡಕ್ಕೆ ಬೇಲಿಯ ಹತ್ತಿರ ಇರುವುದು, ನಾವು ಒಳಗೆ ಹೋಗುವ ಹೊತ್ತಿಗೆ ಬೇಲಿ ಬಿಟ್ಟು ಈಚೆಗೆ ಬಂದಿರುತ್ತದೆ. ಆರು ವರ್ಷ ನೋಡಿದ್ದೇನೆ.

"ಗುರುಗಳೇ" ಅಂದೆ. "ನಿಯಮ ಮಾಡಿದ ಕಾಲದಲ್ಲಿ ಸೋಡಾ ಕಂಪನಿ ಗಡಿಯಾರ ಇತ್ತಾ? ಆಗ ಮಧ್ಯಾಹ್ನ ಅಂತ ಹೆಂಗೆ ತಿಳ್ಕೊಳ್ತಿದ್ರು?"

"ಸೂರ್ಯ ನೆತ್ತಿಗೆ ಬಂದಾಗ. ನೆರಳು ಎಲ್ಲಕ್ಕಿಂತ ಗಿಡ್ಡ ಆದಾಗ."

"ನಮ್ಮ ಹಳ್ಳೀಲೂ ಹಂಗೇ" ಅಂದಳು ಅಜ್ಜಿ, ದಾರ ಕಟ್ಟುವುದನ್ನು ನಿಲ್ಲಿಸಿ.

"ಹಂಗಾದ್ರೆ ಇಲ್ಲಿ ಸೂರ್ಯ ಹನ್ನೆರಡಕ್ಕೆ ನೆತ್ತಿಗೆ ಬರಲ್ಲ. ಆಮೇಲೆ ಬರ್ತಾನೆ. ಹಳೇ ಗಡಿಯಾರದ ಹನ್ನೆರಡಕ್ಕೂ ಬರಲ್ಲ. ನಾನು ನೋಡಿದೀನಿ."

"ಕೇಳಿ, ಕೇಳಿ!" ಥಾವೋನ್ ಮಾವನಿಗೆ ದನಿ ಮರಳಿತು. "ಹತ್ತನೇ ಕ್ಲಾಸ್ ದಾಟದೋರು ಸೂರ್ಯನಿಗೆ ಪಾಠ ಹೇಳ್ತಿದಾರೆ! ನಾಳೆ ಅಷ್ಟೊತ್ತಿಗೆ ಸೂರ್ಯನ ಮೇಲೂ ಕುರ್ಚಿ ಎಸೀತಾರೆ!"

ನಾನು ಉಸಿರು ಗಮನಿಸಿದೆ. ಹದಿನಾರನೇ ಉತ್ತರ ತಾನಾಗಿ ಹುಟ್ಟಿತು. ಎತ್ತಿಟ್ಟೆ.

ಹೊರಗೆ ಮೋಡ, ನೆರಳೇ ಇರಲಿಲ್ಲ. ನಾಳೆ ನೋಡೋಣ, ಒಂದು ದಿನಕ್ಕೆ ಸೂರ್ಯ ಅಷ್ಟೇನೂ ಬದಲಾಗುವುದಿಲ್ಲ, ಅಲ್ಲಿಯವರೆಗೆ ಫೋನ್ ಬೇಡ ಎಂದರು ಗುರುಗಳು. ಗಡಿಯಾರವನ್ನು ಯಾರೂ ಮುಟ್ಟಬಾರದು, ಅದು ಸಾಕ್ಷಿ ಎಂದ ಥಾವೋನ್ ಮಾವ.

ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಸುದ್ದಿ ಹಬ್ಬಿ ಎಪ್ಪತ್ತು ಜನ ಸೇರಿದರು. ಮಡಚುವ ಕುರ್ಚಿ, ಕಂಬಳಿ, ಫ್ಲಾಸ್ಕು, ಬೇಯಿಸಿದ ಕಡಲೆಕಾಯಿ ಹಿಡಿದು ವಿಹಾರದ ಅಂಗಳದಲ್ಲಿ ಕೂತರು. ವೆಂಡೆಲ್‌ಗೆ ಎಲ್ಲರಿಗಿಂತ ಹೆಚ್ಚು ಉತ್ಸಾಹ. ಬೇಲಿಯ ಕಬ್ಬಿಣದ ಕಂಬವೊಂದನ್ನು ತಂದು, ಡಾಂಬರು ಮುಗಿಯುವ ಕಡೆ ನೆಟ್ಟು, ಬಡಗಿಯ ರಸಮಟ್ಟ ಇಟ್ಟು ನಾಲ್ಕು ಸಲ ನೇರ ಮಾಡಿದ. "ನಮ್ಮ ಚರ್ಚಲ್ಲಿ ಇಂಥದ್ದೇನೂ ನಡಿಯಲ್ಲ" ಎಂದು ಬೇಸರಪಟ್ಟುಕೊಂಡ. ಥಾವೋನ್ ಮಾವ ಹೊಸ ಸಮಯಕ್ಕೆ ತಿರುಗಿಸಿದ ಕೈಗಡಿಯಾರ ಹಿಡಿದು, ಕಾರ್ಖಾನೆಯ ಸಾಲಿನ ತಲೆಯಲ್ಲಿ ನಿಂತವನಂತೆ ನಿಂತ. ಸೀಮೆಸುಣ್ಣ ನನ್ನ ಕೈಯಲ್ಲಿ. ಇಬ್ಬರು ಭಿಕ್ಷುಗಳೂ ನಾನೂ ಅವತ್ತು ಭಯಕ್ಕೆ ಹನ್ನೊಂದಕ್ಕೇ ಊಟ ಮುಗಿಸಿದ್ದೆವು.

"ಹನ್ನೆರಡು ಮುಕ್ಕಾಲು!" ಕೂಗಿದ ಮಾವ. ನಿನ್ನೆ ವೆಂಡೆಲ್ ಬಾಗಿಲಿಗೆ ಬಂದ ಹೊತ್ತು. ನೆರಳಿನ ತುದಿಗೆ ಗೆರೆ ಎಳೆದೆ. ಇಲ್ಲಿಂದ ನೆರಳು ಬೆಳೆದರೆ ಅಜ್ಜಿ ಮನೆಗೆ. ಕುಗ್ಗಿದರೆ ಆಸ್ಪತ್ರೆಗೆ.

ಯಾರೂ ಕಡಲೆಕಾಯಿ ಸುಲಿಯಲಿಲ್ಲ. ಐದು ನಿಮಿಷ ಕಳೆಯಿತು. ನೆರಳು ಅಲ್ಲೇ ಇದ್ದ ಹಾಗಿತ್ತು.

"ಹನ್ನೆರಡು ಐವತ್ತೈದು!"

ಬಗ್ಗಿ ನೋಡಿದೆ. ಗೆರೆಗೂ ನೆರಳಿಗೂ ನಡುವೆ ಬಿಸಿಲು ಕಾಣಿಸಿತು. ಅರ್ಧ ಬೆರಳಿನಷ್ಟು.

"ಕುಗ್ಗಿದೆ" ಅಂದೆ. ಗೆರೆಯ ಮೇಲೆ ಬೆರಳಿಟ್ಟೆ.

"ಏನಂತೆ?" ಕಿವಿ ಕೇಳಿಸದ ಮುದುಕಿ.

"ಕುಗ್ಗಿದೆ!" ವೆಂಡೆಲ್ ಕಿರುಚಿದ, ಲಾವೋ ಭಾಷೆಯಲ್ಲಿ. ಅವನಿಗೆ ಆ ಮಾತು ಯಾರು ಕಲಿಸಿದರೋ. ಎಪ್ಪತ್ತು ಜನ ಗೋಲು ಹೊಡೆದವರಂತೆ ಕೂಗಿದರು.

ಅಜ್ಜಿ ನಂಬಲಿಲ್ಲ. ಊರುಗೋಲು ಹಿಡಿದು ಎದ್ದು ಬಂದಳು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ತನ್ನ ಪಾದದಿಂದಲೇ ನೆರಳು ಅಳೆದಳು. ಒಂದು ಗಂಟೆಗೆ ಅಳೆದಳು. ಒಂದೂಕಾಲಿಗೆ ಅಳೆದಳು. ಪ್ರತಿ ಸಲ ಸ್ವಲ್ಪ ಕಮ್ಮಿಯಾಯಿತು. ಒಂದೂವರೆಗೆ ನೆರಳು ನಿಂತಿತು. ಒಂದು ಮುಕ್ಕಾಲಿಗೆ ಮತ್ತೆ ಬೆಳೆಯತೊಡಗಿತು.

"ಒಂದೂವರೆ" ಅಂದಳು. "ಇದೇ ಈ ಊರಿನ ಮಧ್ಯಾಹ್ನ. ನಿನ್ನೆ ಮರಿಗುರುಗಳು ಉಂಡಿದ್ದು ಬೆಳಿಗ್ಗೆ."

ಎಲ್ಲರೂ ಕೈಮುಗಿದರು. ಸೋಮ್ಚಿತ್ ಗುರುಗಳು ಮಾತ್ರ ಕಂಬದ ಬುಡದಲ್ಲಿ ನಿಂತು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು.

"ಏನು ಗುರುಗಳೇ?" ಅಂದೆ.

"ಇಪ್ಪತ್ತೆರಡು ವರ್ಷ, ಮರಿಗುರು" ಅಂದರು. "ಇಪ್ಪತ್ತೆರಡು ವರ್ಷದಿಂದ ನಾನು ಹೊತ್ತಿಗೆ ಮುಂಚೆ ಕೈ ತೊಳೀತಾ ಇದೀನಿ. ಎಷ್ಟು ಲಾಪ್ ವಾಪಸ್ ಕಳಿಸಿದೀನೋ!" ಎಲ್ಲವನ್ನೂ ಬಿಟ್ಟುಬಂದ ಮನುಷ್ಯ, ಅದೊಂದನ್ನು ಬಿಡಲು ಅವರಿಗೆ ಎರಡು ದಿನ ಹಿಡಿಯಿತು.

ಥಾವೋನ್ ಮಾವ ಕೈಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸುತ್ತಿದ್ದ.

ಅಜ್ಜಿ ನನ್ನಿಂದ ಒಂದು ಮಾರು ದೂರ ಬಂದು ನಿಂತಳು. "ಆಸ್ಪತ್ರೆಗೆ ಫೋನ್ ಬೇಡ. ಆದ್ರೆ ಮರಿಗುರುಗಳೇ, ತಮ್ಮ ಹೊಟ್ಟೇಲಿ ಏನಿದೆ ಅಂತ ನಂಗೊತ್ತು. ನಾಡಿದ್ದು ಕಾವಿ ಬಿಚ್ಚಿದ ತಕ್ಷಣ ಅವನ ಮೇಲೆ ಬೀಳೋಣ ಅಂತಿದೀರಿ. ಅಂಚು ನನ್ನ ಕೈಯಲ್ಲಿದೆ, ನೆನಪಿರ್ಲಿ. ಡಾಕ್ಟ್ರು ಮತ್ತಿನ ಮದ್ದು ಕೊಟ್ಟು ನನ್ನ ಕಣ್ಣು ಮುಚ್ಚೋವರ್ಗೂ ತಾವು ಅವನಿಗೆ ಒಂದು ಮಾತು ತಿರುಗಿ ಹೇಳಿದ್ರೂ ನಾನು ಕಾರಿಂದ ಇಳಿದು ನಡ್ಕೊಂಡೇ ಮನೆಗೆ ಬರ್ತೀನಿ."

"ಕಣ್ಣು ಮುಚ್ಚಿದ ಮೇಲೆ?"

"ಆಮೇಲೆ ಫೋನ್ ಮಾಡಿ ಬೈಯಿರಿ."

ಬುಧವಾರ ಬೆಳಿಗ್ಗೆ ಕಾವಿ ಬಿಚ್ಚಿ ಕೊಟ್ಟೆ. ಜೀನ್ಸ್ ಹಾಕಿಕೊಂಡು ಹೊರಗೆ ಬಂದ ಕೂಡಲೇ ಅಜ್ಜಿ ಬೋಳುತಲೆಗೆ ರಪ್ಪೆಂದು ಒಂದು ಕೊಟ್ಟಳು. "ಏಳು ದಿನದಿಂದ ಕೈ ಕಡೀತಿತ್ತು ಕಣೋ" ಎಂದು ಅದೇ ಕೈಯಿಂದ ತಲೆ ಸವರಿದಳು. ಕಾರನ್ನು ವಿಹಾರದ ಬಾಗಿಲಿಗೇ ತಂದು ನಿಲ್ಲಿಸಿ, ಅವಳನ್ನು ಕೂರಿಸಿ, ಬಿಸಿಗಾಳಿ ಹಾಕಿ, ಅವಳ ಬಟ್ಟೆಯ ಗಂಟು ತರಲು ಒಳಗೆ ಹೋದೆ.

ಒಳಗೆ ಇಪ್ಪತ್ತು ಮೂವತ್ತು ಜನ ಅಜ್ಜಿಯನ್ನು ಬೀಳ್ಕೊಡಲು ಬಂದಿದ್ದರು. ಗೋಡೆಯ ಬಳಿ ಥಾವೋನ್ ಮಾವ ಏಣಿ ಇಟ್ಟುಕೊಂಡು ನಿಂತಿದ್ದ. ನಾಲ್ಕು ಕಾಲಿನ ಏಣಿ, ತನ್ನಷ್ಟಕ್ಕೆ ತಾನೇ ನಿಲ್ಲುವಂಥದು. ಆದರೂ ಹೊಳೆಯುವ ನೆಲ, ಅವನ ಮಂಡಿ ಬೇರೆ. ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡು, "ಹಿಡ್ಕೋ" ಅಂದ. ಅಷ್ಟೇ. ಮೇಲೆ ನೋಡಿಕೊಂಡೇ ಅಂದ.

ಹಿಡಿದೆ. ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಅವನ ಮೀನಖಂಡ ನಡುಗುತ್ತಿದ್ದದ್ದು ಏಣಿಯಲ್ಲಿ ನನ್ನ ಕೈಗೆ ಬರುತ್ತಿತ್ತು. ಹೋದ ಶನಿವಾರ ಅವನು ಮರೆತಿರಲಿಲ್ಲ, ಹತ್ತಲು ಹೆದರಿದ್ದ ಎಂದು ನನಗೆ ಆಗ ತಿಳಿಯಿತು. ಯಾರನ್ನಾದರೂ ಕರೆದು ಏಣಿ ಹಿಡಿ ಎನ್ನಲು ಅಧ್ಯಕ್ಷನಿಗೆ ನಾಲಿಗೆ ಬಂದಿರಲಿಲ್ಲ. ಅಯ್ಯೋ ಪಾಪ ಅನಿಸಿತು, ಸುಳ್ಳು ಹೇಳುವುದಿಲ್ಲ. ಒಂದು ನಿಮಿಷ ಅನಿಸಿತು.

ಮುಳ್ಳು ತಿರುಗಿಸಿದ. ಗಡಿಯಾರ ಸರಿಯಾಯಿತು. ಎಲ್ಲರೂ ಮೇಲೆ ನೋಡುತ್ತಿದ್ದರು. ಅಷ್ಟು ಎತ್ತರದಲ್ಲಿ ನಿಂತು, ಅಷ್ಟು ಜನ ತಲೆಯೆತ್ತಿ ನೋಡುತ್ತಿರುವಾಗ, ಸುಮ್ಮನೆ ಇಳಿಯುವುದು ಆ ಮನುಷ್ಯನಿಂದ ಆಗುವ ಕೆಲಸವಲ್ಲ.

"ನೋಡ್ರಪ್ಪ ಇವನನ್ನ!" ಮೇಲಿನಿಂದ ಬೆರಳು ತೋರಿಸಿದ. "ಏಳು ದಿನ ಕಾವಿ ಸುತ್ತಿದ್ರೂ ಒಳಗಿರೋದು ಅದೇ ಕೋತಿ. ಹೂಂ, ಹೊಸ ಹುಬ್ಬು ಬರೋದ್ರೊಳಗೆ ಇವನು ಒಂದು ಕಿಟಕಿ ಒಡೀಲಿಲ್ಲ ಅಂದ್ರೆ ನನ್ನ ಹೆಸರು ಥಾವೋನ್ ಅಲ್ಲ!"

ಎಲ್ಲರೂ ನಕ್ಕರು. ಕಿವಿ ಕೇಳಿಸದ ಮುದುಕಿ ಸಮಯಕ್ಕೆ ಸರಿಯಾಗಿ ನಕ್ಕಳು.

ನನ್ನ ಹತ್ತಿರ ಇಪ್ಪತ್ತಮೂರು ಉತ್ತರ ಇದ್ದವು. ಏಳನೆಯದು ನಾಲಿಗೆಯ ತುದಿಗೆ ಬಂದು ಕೂತಿತು. ಸೋಡಾ ಗಡಿಯಾರವನ್ನು ಸೇರಿಸಿಕೊಂಡರೆ ಅದು ಇನ್ನೂ ಚೆನ್ನಾಗಿ ಆಗುತ್ತಿತ್ತು. ಬಾಯಿ ತೆರೆದೆ. ತೆರೆದ ಬಾಗಿಲಿನ ಆಚೆ ಕಾರಿನ ಕಿಟಕಿ ಸರ್ರನೆ ಕೆಳಗಿಳಿಯಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಅವಳ ಒಂದು ಕೈ ಕಾರಿನ ಬಾಗಿಲಿನ ಹಿಡಿಯ ಮೇಲಿತ್ತು.

ಬಾಯಿ ಮುಚ್ಚಿದೆ. ಏಣಿಯಿಂದ ಎಡಗೈ ತೆಗೆದೆ. ಆಮೇಲೆ ಬಲಗೈ ತೆಗೆದೆ. ಬಟ್ಟೆಯ ಗಂಟು ಎತ್ತಿಕೊಂಡು ಬಾಗಿಲ ಕಡೆ ನಡೆದೆ.

"ಏಯ್" ಅಂತ ಮೇಲಿನಿಂದ ಬಂತು. "ಏಯ್ ಲಾ! ಏಣಿ!"

ನಡೆದೆ.

"ಲಾ, ಮಗಾ, ಏಣಿ ಹಿಡಿಯಪ್ಪ... ಅಲ್ಲಾಡ್ತಿದೆ ಕಣೋ!"

ಹೊಳೆಯುವ ನೆಲದ ಮೇಲೆ ನನ್ನ ಬರಿಗಾಲು ಕಿರ್ ಕಿರ್ ಎಂದವು.

"ಮರಿಗುರುಗಳೇ!"

ಹೊಸಿಲು ದಾಟಿ, ಬಾಗಿಲನ್ನು ಹಿಂದೆ ಮೆಲ್ಲಗೆ ಎಳೆದುಕೊಂಡೆ.